ಬಾಗಿಲಿಗೆ ಬೆರಳುಗಳಿರುವುದಿಲ್ಲ

ಫೆಬ್ರವರಿ ೬

ಗುಬ್ಬಿ,

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ, ನಿನಗೂ ಗೊತ್ತು. ಮೊನ್ನೆ ಚಿಕ್ಕಮ್ಮನ ಮನೆಯಲ್ಲಿ ಊಟವಾದ ಮೇಲೆ ಪಾತ್ರೆ ತೊಳೆಯಲು ನೀನು ತೋಳು ಮಡಚಿದೆ. ನಾನು ಪಕ್ಕದಲ್ಲೇ ನಿಂತು ತಟ್ಟೆ ಒರೆಸುತ್ತಿದ್ದೆ. ನಿನ್ನ ಬಲ ಮಣಿಕಟ್ಟಿನ ಮೇಲೆ ನೀಲಿ ಗುರುತು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು. "ಏನೇ ಇದು?" ಅಂದೆ. "ರೈಲಿನ ಬಾಗಿಲು ತಗುಲ್ತು ಕಣೇ" ಅಂದು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದೆ.

ಬಾಗಿಲಿಗೆ ಬೆರಳುಗಳಿರುವುದಿಲ್ಲ.

ನಿನ್ನ ಗಂಡ ಒಳ್ಳೆಯವನು ಅಂತ ಎಲ್ಲರೂ ಹೇಳುತ್ತಾರೆ. ಕನ್ನಡಕದ ಅಂಗಡಿಯವನು, ಮೆದು ಮಾತು, ಚಿಕ್ಕಪ್ಪನ ಕನ್ನಡಕದ ಕಡ್ಡಿಯನ್ನು ಕೂತಲ್ಲೇ ಸರಿಮಾಡಿಕೊಟ್ಟ. ಮೆದು ಮಾತಿನವರನ್ನು ನಾನೂ ಬೇಕಾದಷ್ಟು ಕಂಡಿದ್ದೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮದುವೆಯಾಗಿ ಎರಡು ವರ್ಷವಾಯಿತು, ಈಗಲೇ ಶುರುವಾಗಿದ್ದರೆ ಈಗಲೇ ಹೇಳು. ಆಮೇಲೆ ಹೇಳುವುದು ಕಷ್ಟವಾಗುತ್ತದೆ.

ಫೋನ್ ಮಾಡಬೇಡ. ನಡುಮನೆಯಲ್ಲಿ ಫೋನು, ಪಕ್ಕದಲ್ಲೇ ನಿನ್ನ ಭಾವ ಪೇಪರು ಓದುತ್ತಾ ಕೂತಿರುತ್ತಾರೆ, ಅವರಿಗೆ ಗದ್ದಲ ಆಗುವುದಿಲ್ಲ. ಕಾಗದ ಬರಿ. ಸುಳ್ಳು ಬರೆಯಬೇಡ.

ಅಕ್ಕ


ಫೆಬ್ರವರಿ ೧೫

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಾಚಿಕೆಯಾಯಿತು. ಸ್ಕೂಲಿನಿಂದ ಬಂದ ಕೂಡಲೇ ನನ್ನ ಚೀಲ ತಲೆಕೆಳಗು ಮಾಡಿ ಸುರಿಯುತ್ತಿದ್ದವಳು ನೀನು, ಬದಲಾಗಿಲ್ಲ. ಸರಿ, ಸಿಕ್ಕಿಬಿದ್ದೆ. ರೈಲಿನ ಬಾಗಿಲು ಸುಳ್ಳು. ಬೆರಳುಗಳು ನಿಜ. ಆದರೆ ನಮ್ಮನೆಯವರದಲ್ಲ, ಒಬ್ಬ ಬೇಕರಿಯವನದು.

ಗಾಬರಿಯಾಗಬೇಡ, ಪೂರ್ತಿ ಓದು. ನವೆಂಬರಿನಿಂದ ನಾನು ಐಕಿಡೊ ಕಲಿಯುತ್ತಿದ್ದೇನೆ. ಜಪಾನಿನ ವಿದ್ಯೆ. ಒದೆ, ಗುದ್ದು ಇಲ್ಲ. ಹಿಡಿದವರ ಬಲವನ್ನು ಅವರ ಮೇಲೇ ತಿರುಗಿಸಿ ಬೀಳಿಸುವುದು, ತಪ್ಪಿಸಿಕೊಳ್ಳುವುದು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಾಲ್ ಇದೆ, ನೆಲಕ್ಕೆಲ್ಲ ಚಾಪೆ, ಒಳಗೆ ಕಾಲಿಟ್ಟರೆ ರಬ್ಬರ್ ವಾಸನೆ. ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಒಂದು ಕಿವಿ ಕೇಳಿಸುವುದಿಲ್ಲ. ಬೇಕರಿಯವನು ನನ್ನ ಜೊತೆಗಾರ. ದಿನವೆಲ್ಲ ಹಿಟ್ಟು ನಾದುವ ಕೈ ಅಕ್ಕ, ಹಿಡಿದರೆ ಇಕ್ಕಳ. ಪಾಪ, ಪ್ರತಿ ಸಲವೂ "ನೋವಾಯ್ತಾ ಮೇಡಂ?" ಅಂತ ಕೇಳುತ್ತಾನೆ. ಹಿಡಿತ ಮಾತ್ರ ಸಡಿಲಿಸುವುದಿಲ್ಲ, ಮೇಷ್ಟ್ರ ಅಪ್ಪಣೆ.

ನಮ್ಮದು ಪಂದ್ಯದ ಐಕಿಡೊ. ಒಬ್ಬರ ಕೈಯಲ್ಲಿ ಮೆತ್ತನೆಯ ಸುಳ್ಳು ಚಾಕು, ಅವರು ನಿಜವಾಗಿಯೂ ತಿವಿಯಲು ಬರುತ್ತಾರೆ. ಬರಿಗೈಯವರು ತಪ್ಪಿಸಿಕೊಂಡು ಅವರನ್ನು ಕೆಡವಬೇಕು. ಅರ್ಧ ಆಟವಾದ ಮೇಲೆ ಚಾಕು ಕೈ ಬದಲಾಗುತ್ತದೆ. ಅಂಕ ಕೊಡುತ್ತಾರೆ, ಗೆಲುವು ಸೋಲು ಇದೆ.

ಡಾಕ್ಟರು ಬೆನ್ನುನೋವಿಗೆ ವ್ಯಾಯಾಮ ಮಾಡಿ ಅಂದರು, ಅದಕ್ಕೆ ಸೇರಿದೆ. ಚಿಕ್ಕಮ್ಮನಿಗೆ ಗೊತ್ತಾದರೆ "ಹೆಂಗಸು ಕುಸ್ತಿ ಆಡ್ತಾಳಂತೆ" ಅಂತ ಊರೆಲ್ಲ ಡಂಗುರ ಹೊಡೆಯುತ್ತಾಳೆ, ಅದಕ್ಕೇ ಬಾಗಿಲಿನ ಸುಳ್ಳು. ಇಷ್ಟೇ. ಸಮಾಧಾನವಾಯಿತಾ?

ನಿನ್ನ ಗುಬ್ಬಿ


ಮಾರ್ಚ್ ೨

ಗುಬ್ಬಿ,

ಸಮಾಧಾನವಾಗಲಿಲ್ಲ.

ನಮ್ಮ ಹೊಲಿಗೆ ಕಾರ್ಖಾನೆಯ ಸೂಪರ್‌ವೈಸರ್ ಹೆಂಗಸಿನ ತಮ್ಮ ಐಕಿಡೊ ಕಲಿತವನು, ಏಳೆಂಟು ವರ್ಷದಿಂದ. ಅವಳ ಮೂಲಕ ವಿಚಾರಿಸಿದೆ. ಅವನು ಹೇಳಿದ್ದೇನು ಗೊತ್ತೇ? "ಐಕಿಡೊದಲ್ಲಿ ಪಂದ್ಯ ಅನ್ನೋದೇ ಇಲ್ಲ. ಅದು ಗೆಲ್ಲೋ ವಿದ್ಯೆ ಅಲ್ಲ, ಸಾಮರಸ್ಯದ ವಿದ್ಯೆ. ಅಂಕ ಗಿಂಕ ಅಂದವರು ಯಾರೋ ಕಿವಿ ಮೇಲೆ ಹೂವು ಇಟ್ಟಿದಾರೆ." ಸುಳ್ಳು ಹೇಳುವ ಮೊದಲು ಸ್ವಲ್ಪ ವಿಚಾರಿಸಿಕೊಳ್ಳಬೇಕು ತಾಯಿ.

ಇನ್ನೊಂದು. ಬೆನ್ನುನೋವಿಗೆ ಯಾವ ಡಾಕ್ಟರು ನೆಲಕ್ಕೆ ಬೀಳಿ ಅಂತ ಚೀಟಿ ಬರೆದುಕೊಟ್ಟ? ಮತ್ತೆ, ಬೇಕರಿಯವನು ನಿಜವಾಗಿ ಇದ್ದರೆ ಅದೂ ಒಂದು ಪ್ರಶ್ನೆಯೇ. ಪರಗಂಡಸು ವಾರವಾರ ಕೈ ಹಿಡಿಯುತ್ತಾನೆ, ಮನೆಯವನು ಸುಮ್ಮನಿದ್ದಾನೆ ಅಂದರೆ ನಂಬುವ ಮಾತೇ? ಸುಮ್ಮನಿರುವವನಲ್ಲ ಯಾವ ಗಂಡಸೂ. ಮನೆಗೆ ಬಂದ ಮೇಲೆ ಕೇಳುತ್ತಾನೆ.

ಜಗಳ ಬೇಡ. ಹೇಳಲು ಆಗದಿದ್ದರೆ ಹೇಳಬೇಡ, ಇಷ್ಟು ಮಾತ್ರ ಮಾಡು. ಮೊದಲ ದಿನ ತಣ್ಣೀರು ಬಟ್ಟೆ, ಬಿಸಿ ತಾಗಿಸಬೇಡ. ಹಸಿರು ತಿರುಗಿದ ಮೇಲೆ ಬಿಸಿ. ಹಳದಿಯಾದರೆ ಹೋಗುವ ಲಕ್ಷಣ, ಆದರೆ ಹಳದಿಯೇ ಜನರ ಕಣ್ಣಿಗೆ ಬೇಗ ಬೀಳುವುದು, ಆ ವಾರ ಉದ್ದ ತೋಳು ಹಾಕಿಕೋ. ಗುಂಡಿ ಇರುವ ತೋಳು ಬೇಡ, ಎಲಾಸ್ಟಿಕ್ ಇರಲಿ, ಮೇಲೆ ಸರಿಯುವುದಿಲ್ಲ. ಇದರೊಟ್ಟಿಗೆ ಒಂದು ಮುಲಾಮು ಇಟ್ಟಿದ್ದೇನೆ. ಭಾವನ ಔಷಧಿ ಅಂಗಡಿಯದು, ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಮುಂದೆ ಕಾಗದವನ್ನು ಕಾರ್ಖಾನೆ ವಿಳಾಸಕ್ಕೆ ಹಾಕು. ಮನೆಯ ಅಂಚೆ ಡಬ್ಬಿಯ ಬೀಗ ಕೆಟ್ಟಿದೆ.

ಅಕ್ಕ


ಮಾರ್ಚ್ ೧೨

ಅಕ್ಕ,

ನಿನ್ನ ಹತ್ತಿರ ವಾದ ಮಾಡುವುದಕ್ಕಿಂತ ಟಿಕೆಟ್ ಇಲ್ಲದ ಹತ್ತು ಜನರನ್ನು ರೈಲಿನಿಂದ ಇಳಿಸುವುದು ಸುಲಭ. ಆದರೂ ಕೇಳು.

ಆ ತಮ್ಮ ಹೇಳಿದ್ದು ಅರ್ಧ ಸರಿ. ಹೆಚ್ಚಿನ ಕಡೆ ಪಂದ್ಯ ಇಲ್ಲ. ಆ ವಿದ್ಯೆ ಹುಟ್ಟಿಸಿದ ಗುರುವಿಗೇ ಪಂದ್ಯ ಬೇಕಿರಲಿಲ್ಲವಂತೆ. ನಮ್ಮ ಮೇಷ್ಟ್ರು ಹೇಳಿದ್ದು ಇದು. ಆ ಗುರುವಿಗೆ ಒಬ್ಬ ಶಿಷ್ಯ, ಅದಕ್ಕೂ ಮೊದಲೇ ಜೂಡೊದಲ್ಲಿ ಪಳಗಿದವನು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಹಿಮದ ದೇಶದಲ್ಲಿ ಸೆರೆಯಾಳಾಗಿದ್ದ. ಜೊತೆಗಾರ ಬೇಕಿಲ್ಲದೆ ಒಬ್ಬನೇ ಮಾಡಬಹುದಾದ ವರಸೆಗಳನ್ನು ಅಲ್ಲಿಯೇ ಕೂಡಿಸಿಕೊಂಡನಂತೆ. ಬಿಡುಗಡೆಯಾಗಿ ಬಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ, ಹುಡುಗರಿಗೆ ಐಕಿಡೊ ಕಲಿಸಲು ಹೊರಟ. ಆಗ ಅವನಿಗೆ ನಿನ್ನ ಹಾಗೇ ಒಂದು ಅನುಮಾನ ಶುರುವಾಯಿತು. ಅಭ್ಯಾಸದಲ್ಲಿ ಎದುರಿನವನು ಬೀಳುತ್ತಾನೆ, ಸರಿ. ಆದರೆ ನಾನು ಬೀಳಿಸಿದ್ದಕ್ಕೆ ಬಿದ್ದನೋ, ಬೀಳಬೇಕು ಅಂತ ಬಿದ್ದನೋ? ಸ್ನೇಹಕ್ಕೆ ಬೀಳುವವನ ಜೊತೆ ಎಷ್ಟು ವರ್ಷ ಆಡಿದರೂ ವಿದ್ಯೆ ಬಂತೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೇ ಎದುರಿನವನಿಗೆ ಬೀಳದಿರುವ ಹಕ್ಕು ಕೊಟ್ಟ, ಕೈಗೆ ಒಂದು ಸುಳ್ಳು ಚಾಕುವನ್ನೂ ಕೊಟ್ಟ. ಗುರುವಿಗೆ ಅದು ಹಿಡಿಸಲಿಲ್ಲ. ಶಿಷ್ಯ ಬಿಡಲಿಲ್ಲ.

ನೋಡು, ನಿನ್ನಂಥವಳೇ ಕಂಡುಹಿಡಿಯಬೇಕಾಗಿದ್ದ ಆಟ ಇದು.

ಇನ್ನು ಬೆನ್ನುನೋವು. ಅದು ಸುಳ್ಳು, ಒಪ್ಪಿದೆ. ಅಕ್ಟೋಬರಿನಲ್ಲಿ ಕೊನೆಯ ಸ್ಟೇಷನ್ನಿನಲ್ಲಿ ಒಬ್ಬನ ಟಿಕೆಟ್ ಕೇಳಿದೆ. ಕೋಟು ಹಾಕಿದವನು, ಮರ್ಯಾದಸ್ಥನ ಹಾಗಿದ್ದ. ನನ್ನ ಕೈ ಹಿಡಿದು ಕಂಬಕ್ಕೆ ಒತ್ತಿದ. ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನ ಬಾಯಿ ಎಂಥದು ನಿನಗೆ ಗೊತ್ತು. ಒಂದು ಶಬ್ದ ಬರಲಿಲ್ಲ ಅಕ್ಕ. ಉಸಿರೇ ನಿಂತಿತು. ಅವನಿಗೇ ಸಾಕೆನಿಸಿ ಬಿಟ್ಟು ಹೋದ. ನಾನು ಆ ಕಂಬದ ಹತ್ತಿರವೇ ನಿಂತಿದ್ದೆ, ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಅವರು ಕೆಲಸ ಬಿಡು ಅನ್ನುವುದಿಲ್ಲ, ಆದರೆ ದಿನಾ ಸ್ಟೇಷನ್ನಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಸೇರಿದೆ. ಮೊದಲ ತಿಂಗಳು ಬೇಕರಿಯವನು ಕೈ ಹಿಡಿದರೆ ಅದೇ ಕಂಬ ನೆನಪಾಗಿ ನಿಂತಲ್ಲೇ ನಿಂತುಬಿಡುತ್ತಿದ್ದೆ. ಈಗ ಹಿಡಿದ ಕೂಡಲೇ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಉಸಿರು ನಿಲ್ಲುವುದಿಲ್ಲ. ಬೀಳಲು ಭಯವಿಲ್ಲ. ರಾತ್ರಿ ನಿದ್ದೆ ಬರುತ್ತದೆ. ಲಾಭ ಏನು ಅಂತ ಕೇಳಿದರೆ ಇಷ್ಟೇ, ಆದರೆ ನನಗೆ ಇದು ಸಣ್ಣದಲ್ಲ.

ಮೇ ಹತ್ತನೇ ತಾರೀಖು ನನ್ನ ಮೊದಲ ಪಂದ್ಯ. ಬಂದು ನಿನ್ನ ಕಣ್ಣಾರೆ ನೋಡು. ಮುಲಾಮಿಗೆ ಥ್ಯಾಂಕ್ಸ್. ಟ್ಯೂಬು ಅರ್ಧ ಖಾಲಿ ಇತ್ತು, ಭಾವನಿಗೆ ಹೇಳು, ಇಷ್ಟು ಜಿಪುಣತನ ಬೇಡ!

ಗುಬ್ಬಿ


ಏಪ್ರಿಲ್ ೩

ಅಕ್ಕ,

ಮೂರು ವಾರ ಉತ್ತರವಿಲ್ಲ. ಪಂದ್ಯಕ್ಕೆ ಬರಲು ರಜೆ ಕೇಳುತ್ತಿದ್ದೀಯ ಅಂದುಕೊಂಡಿದ್ದೆ. ನೀನು ಬರೆದಿದ್ದೀಯ, ನನಗಲ್ಲ. ನಮ್ಮನೆಯವರ ಅಂಗಡಿಗೆ.

"ನನ್ನ ತಂಗಿಯ ಮೈಮೇಲೆ ಇನ್ನೊಂದು ಗುರುತು ಕಂಡರೆ ನಾನು ಸುಮ್ಮನಿರುವವಳಲ್ಲ. ಅವಳು ಕಥೆ ಕಟ್ಟಿ ನಿಮ್ಮನ್ನು ಕಾಪಾಡುತ್ತಿದ್ದಾಳೆ." ನಿನ್ನ ಅಕ್ಷರವೇ. ಅವರು ಅದನ್ನು ಗಿರಾಕಿಗಳ ಮುಂದೆ ನಿಂತುಕೊಂಡೇ ಓದಿದರಂತೆ. ಮನೆಗೆ ಬಂದು ಊಟ ಮಾಡಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟು ನೋಡುತ್ತಾ ಕೂತರು. "ನಾನು ಯಾವತ್ತಾದರೂ ನಿನಗೆ ಹೆದರಿಕೆ ಆಗೋ ಹಾಗೆ ನಡ್ಕೊಂಡಿದೀನಾ? ನಿಜ ಹೇಳು" ಅಂದರು. ಆ ದಿನದಿಂದ ನನಗೆ ಕಾಫಿ ಲೋಟ ಕೊಡುವಾಗಲೂ ಬೆರಳು ತಾಗದ ಹಾಗೆ ಕೊಡುತ್ತಾರೆ. ಆ ಕಂಬದ ಕಥೆಯನ್ನೂ ಹೇಳಬೇಕಾಯಿತು. ನನಗಾಗಿ ಹೇಳಬೇಕೆನಿಸಿದಾಗ ಹೇಳುವುದಲ್ಲ, ನಿನ್ನ ಕಾಗದಕ್ಕೆ ಸಾಕ್ಷಿಯಾಗಿ ಹೇಳುವುದು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿನ್ನ ಕಣ್ಣಿಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಸದ್ಯಕ್ಕೆ ನನಗೆ ಬರೆಯಬೇಡ.


ಏಪ್ರಿಲ್ ೯

ಗುಬ್ಬಿ,

ನಾನು ತಪ್ಪು ತಿಳಿದಿದ್ದರೆ ಅವರ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಆದರೆ ಒಂದು ಮಾತು. ಮೇಜಿನ ಮೇಲೆ ಕೈ ಇಟ್ಟು ಕೂತು ಊಟ ಬಿಡುವುದು, ಕಣ್ಣಲ್ಲಿ ನೀರು ತರುವುದು, "ನಾನು ಹಾಗೆ ಮಾಡ್ತೀನಾ" ಅನ್ನುವುದು, ಇದೆಲ್ಲ ಹೊಡೆದ ಮೇಲೂ ಮಾಡುತ್ತಾರೆ. ಅತ್ತರು ಅಂತ ನಂಬಬೇಡ.

ಬರೆಯಬೇಡ ಅಂದೆ, ಬರೆಯುವುದಿಲ್ಲ.

ಅಕ್ಕ


ಮೇ ೧೮

ಅಕ್ಕ,

ನಾನೇ ಬರೆಯುತ್ತಿದ್ದೇನೆ.

ಪಂದ್ಯ ಮುಗಿಯಿತು. ಮೊದಲ ಸುತ್ತು ಗೆದ್ದೆ, ಎರಡನೆಯದರಲ್ಲಿ ಸೋತೆ. ಗೆದ್ದದ್ದು ಸೋತದ್ದು ಇರಲಿ. ಮೊದಲ ಸುತ್ತಿನಲ್ಲಿ ನನ್ನ ಎದುರು ಒಬ್ಬ ಹೆಂಗಸು, ಹೆಚ್ಚುಕಡಿಮೆ ನಿನ್ನ ವಯಸ್ಸು. ನಾನು ಕೈ ಎತ್ತಿದರೆ ಸಾಕು, ಅವಳು ಎರಡು ತೋಳನ್ನೂ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಆಟ ಮುಗಿದ ಮೇಲೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ತಾನೇ ಹೇಳಿದಳು: "ಇದು ಇಲ್ಲಿ ಕಲಿತಿದ್ದಲ್ಲ. ಇದನ್ನ ಮರೆಯೋಕೆ ಇಲ್ಲಿ ಬರ್ತಿದೀನಿ. ಹಳೇ ಮನೆಯಲ್ಲಿ ಕಲಿತಿದ್ದು."

ಅವಳು ನೀರು ಕುಡಿಯಲು ಎದ್ದು ಹೋದಳು. ನಾನು ಏಳಲಿಲ್ಲ. ಚಿಕ್ಕಮ್ಮನ ಮನೆಯ ಊಟದ ಮೇಜು ಕಣ್ಣಿಗೆ ಬಂತು. ಚಿಕ್ಕಪ್ಪ ಉಪ್ಪಿನ ಡಬ್ಬಿಗೆ ನಿನ್ನ ಕಡೆಯಿಂದ ಕೈ ಚಾಚಿದರು. ನೀನು ಹಾಗೇ ತೋಳು ಒಳಗೆಳೆದುಕೊಂಡೆ. ಚಮಚ ಕೆಳಗೆ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಮೊದಲ ಸಲ ಓದುವಾಗ ಬರೀ ನನ್ನ ಹೆಸರಿಗೆ ಬಂದ ಬೈಗುಳ ಅಂತ ಓದಿದ್ದೆ. ಅಕ್ಕ, ಗುರುತು ಹಸಿರಿಗೆ ತಿರುಗಿದ ಮೇಲೆ ಬಿಸಿ ಕೊಡಬೇಕು ಅಂತ ನಿನಗೆ ಯಾರು ಹೇಳಿದರು? ಗುಂಡಿಯ ತೋಳು ಮೇಲೆ ಸರಿಯುತ್ತದೆ ಅಂತ ಹೇಗೆ ಗೊತ್ತು? ಆ ಮುಲಾಮಿನ ಅರ್ಧ ಟ್ಯೂಬನ್ನು ಯಾರಿಗೆ ಹಚ್ಚಿದ್ದು? ನಡುಮನೆಯಲ್ಲಿ ಫೋನಿಟ್ಟು ಭಾವ ಪಕ್ಕದಲ್ಲೇ ಪೇಪರು ಓದುತ್ತಾ ಕೂರುವುದು ಯಾಕೆ? ಅಂಚೆ ಡಬ್ಬಿಗೆ ಬೀಗ ಹಾಕಿಸಲು ಮೂರು ತಿಂಗಳು ಬೇಕಾ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ನೀನು ಕಳ್ಳನಲ್ಲ, ಕಳ್ಳತನ ಆದ ಮನೆಯವಳು. ಹೆಗಲು ಮಾತ್ರ ನನ್ನದನ್ನು ಮುಟ್ಟಿ ನೋಡಿದೆ.

ನೀನು ಇಲ್ಲ ಅಂದರೆ ನಾನು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ನೀನು "ಕ್ಷೇಮ" ಅಂದೆ, ನಾನು ಸರಿ ಅಂದೆ. ಕಾಗದದಲ್ಲಿ ಒಬ್ಬರಿಗೊಬ್ಬರು ಸುಮ್ಮನೆ ಬೀಳುತ್ತಾ ಬಂದಿದ್ದೇವೆ. ಸಾಕು. ಭಾವ ನಿನ್ನ ಮೇಲೆ ಕೈ ಮಾಡುತ್ತಾರಾ?

ನಿನ್ನ ಗುಬ್ಬಿ


ಜೂನ್ ೫

ಪ್ರೀತಿಯ ಸಹೋದರಿಗೆ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುವುದು. ನಾನು ಆರೋಗ್ಯದ ದೃಷ್ಟಿಯಿಂದ ಕಾರ್ಖಾನೆಯ ಕೆಲಸವನ್ನು ಬಿಟ್ಟಿರುತ್ತೇನೆ. ಆದ್ದರಿಂದ ಆ ವಿಳಾಸಕ್ಕೆ ಪತ್ರ ಬರೆಯುವುದು ಬೇಡ. ಮನೆಯ ವಿಳಾಸಕ್ಕೇ ಬರೆಯುವುದು. ನಿನ್ನ ಭಾವನವರು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಇಲ್ಲಸಲ್ಲದ ಕಲ್ಪನೆಗಳಿಂದ ಎರಡು ಸಂಸಾರಗಳಲ್ಲಿ ಮನಸ್ತಾಪ ಬರುವುದು ಒಳ್ಳೆಯದಲ್ಲ. ನೀನು ಆ ಹೊಡೆದಾಟದ ತರಗತಿಯನ್ನು ಬಿಟ್ಟು ಮನೆಯ ಕಡೆ ಗಮನ ಕೊಡುವುದು ಉತ್ತಮ ಎಂದು ನಮ್ಮಿಬ್ಬರ ಅಭಿಪ್ರಾಯ.

ಇಂತಿ,
ನಿನ್ನ ಅಕ್ಕ ಮತ್ತು ಭಾವ


ಜೂನ್ ೧೧

ಪ್ರೀತಿಯ ಅಕ್ಕನಿಗೆ ಮತ್ತು ಪೂಜ್ಯ ಭಾವನವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಹೇಳಿದ್ದು ಸರಿ, ನನ್ನದು ದುಡುಕಿನ ಬುದ್ಧಿ. ತರಗತಿ ಬಿಟ್ಟಿದ್ದೇನೆ. ಭಾವನವರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಒಂದು ಮುಖ್ಯ ವಿಷಯ. ಚಿಕ್ಕಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿದೆ, ಬರುವ ಸೋಮವಾರ. ಚಿಕ್ಕಪ್ಪನಿಗೆ ಒಲೆ ಹಚ್ಚಲೂ ಬರುವುದಿಲ್ಲ. ಒಂದು ವಾರದ ಮಟ್ಟಿಗೆ ಅಕ್ಕ ಬಂದು ನೋಡಿಕೊಂಡರೆ ದೊಡ್ಡ ಉಪಕಾರ ಅಂತ ಚಿಕ್ಕಮ್ಮ ಬೇಡಿಕೊಂಡಿದ್ದಾಳೆ. ನನಗೆ ರಜೆ ಇಲ್ಲ. ಕಣ್ಣಿನ ವಿಚಾರ ಆದ್ದರಿಂದ ನಮ್ಮನೆಯವರು ಹೇಗೂ ಅಲ್ಲಿಗೆ ಹೋಗುತ್ತಾರೆ, ದಾರಿಯಲ್ಲಿ ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಾರೆ. ಭಾವನವರು ದೊಡ್ಡ ಮನಸ್ಸು ಮಾಡಿ ಕಳಿಸಿಕೊಡಬೇಕು. ಅಂಗಡಿಯಲ್ಲಿ ಒಳ್ಳೆಯ ಕಣ್ಣಿನ ಹನಿ ಇದ್ದರೆ ಅವರೇ ಆರಿಸಿ ಕೊಟ್ಟರೆ ಚಿಕ್ಕಮ್ಮನಿಗೆ ಧೈರ್ಯ.

ಇಂತಿ,
ತಂಗಿ


ಜೂನ್ ೨೩
ಚಿಕ್ಕಮ್ಮನ ಮನೆ

ಗುಬ್ಬಿ,

ಎಂಥ ಕಳ್ಳಿಯೇ ನೀನು! ಚಿಕ್ಕಮ್ಮನ ಕಣ್ಣು ಗಿಡುಗನ ಕಣ್ಣು. ನಾನು ಬಾಗಿಲಲ್ಲಿ ಕಾಲಿಟ್ಟಾಗ ಕಪ್ಪು ಕನ್ನಡಕ ಹಾಕಿಕೊಂಡು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಭಾವ ಎರಡು ಸಲ ಫೋನ್ ಮಾಡಿ ಯಾವ ಹನಿ, ಎಷ್ಟು ಹೊತ್ತಿಗೊಮ್ಮೆ, ಯಾವ ಆಸ್ಪತ್ರೆ ಅಂತ ಕೇಳಿದರು. ನಿಮ್ಮನೆಯವರು ಚೀಟಿಯಲ್ಲಿ ಬರೆದಿಟ್ಟಿದ್ದನ್ನು ಚಿಕ್ಕಮ್ಮ ಕನ್ನಡಕ ಮೇಲೆತ್ತಿ ಗಿಳಿಯ ಹಾಗೆ ಓದಿದಳು.

ನೀನು ಕೇಳಿದ್ದಕ್ಕೆ ಉತ್ತರ: ಹೌದು.

ಇನ್ನೂ ಹೆಚ್ಚು ಬರೆಯಬೇಕು ಅಂತ ಪೆನ್ನು ಹಿಡಿದು ಕೂತೆ, ಆ ಒಂದು ಶಬ್ದ ಬರೆದ ಮೇಲೆ ಎದ್ದು ಹಿತ್ತಲಿಗೆ ಹೋಗಿ ಬಂದೆ. ಮದುವೆಯಾದ ಎರಡನೇ ವರ್ಷದಿಂದ. ಹೊಡೆದ ಮೇಲೆ ಅಂಗಡಿಯಿಂದ ಮುಲಾಮು ತಂದು ಅವರೇ ಹಚ್ಚುತ್ತಾರೆ, ಬಹಳ ಮೃದುವಾಗಿ. ಊರಿನವರೆಲ್ಲ ಮಕ್ಕಳಿಗೆ ಜ್ವರ ಬಂದರೆ ಅವರ ಹತ್ತಿರ ಓಡಿಬರುತ್ತಾರೆ. ನಾನು ಯಾರ ಹತ್ತಿರ ಹೇಳಲಿ? ನಿನ್ನ ಕೈ ಮೇಲಿನ ಗುರುತು ಕಂಡಾಗ ನನಗೆ ಬೇರೇನೂ ಹೊಳೆಯಲಿಲ್ಲ. ಇವಳಿಗೂ ಆಯಿತು, ಇವಳನ್ನಾದರೂ ಬಿಡಿಸಬೇಕು ಅಂತ ಅಷ್ಟೇ.

ಮೇ ತಿಂಗಳ ನಿನ್ನ ಕಾಗದ ನನ್ನ ಕೈಗೆ ಬರಲಿಲ್ಲ. ಅವತ್ತು ನಾನು ಕೆಲಸಕ್ಕೆ ಹೋಗಲು ಆಗದ ಸ್ಥಿತಿಯಲ್ಲಿದ್ದೆ, ಅವರೇ ರಜೆ ಹೇಳಲು ಕಾರ್ಖಾನೆಗೆ ಹೋದರು. ಸೂಪರ್‌ವೈಸರ್ "ನಿಮ್ಮ ಮನೆಯವರಿಗೆ ಕಾಗದ ಬಂದಿದೆ" ಅಂತ ಕೊಟ್ಟಳು, ಪಾಪ, ಅವಳಿಗೇನು ಗೊತ್ತು. ಅವರು ನನಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಉತ್ತರ ಅವರು ಹೇಳಿದ ಹಾಗೆ ನಾನು ಬರೆದದ್ದು. ಇದಕ್ಕೆ ನೀನು ಅಳಬೇಡ. ನೀನು ಕೇಳದೆ ಇದ್ದಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆ.

ಭಾನುವಾರ ನಡೆದದ್ದು ಹೇಳುತ್ತೇನೆ. ನಿಮ್ಮನೆಯವರು ಎಷ್ಟು ಹೇಳಿದ್ದಾರೋ ಗೊತ್ತಿಲ್ಲ, ಅವರದು ಅರ್ಧ ಮಾತು. ಪೆಟ್ಟಿಗೆ ಹಿಡಿದು ಹೊರಟಿದ್ದೆ. ಭಾವ ಅದನ್ನು ಎತ್ತಿ ನೋಡಿದರು. "ಒಂದು ವಾರಕ್ಕೆ ಇಷ್ಟು ಭಾರ ಯಾಕೆ?" ಮುಚ್ಚಳ ತೆಗೆದರು. ಮೇಲೆಯೇ ನನ್ನ ಚಳಿಗಾಲದ ಕೋಟು. ಜೂನ್ ತಿಂಗಳಲ್ಲಿ! ನನ್ನ ಬುದ್ಧಿಗೆ ಏನು ಹೇಳಲಿ. ಅವರು ನಕ್ಕ ಹಾಗೆ ಮಾಡಿ ನನ್ನ ಮಣಿಕಟ್ಟು ಹಿಡಿದರು. ನಿಮ್ಮನೆಯವರು ಮೆಟ್ಟಿಲ ಮೇಲೆ ನಿಂತಿದ್ದರು.

ನಾನು ಏನೋ ಮಾಡಿದೆ ಅಂದುಕೊಳ್ಳಬೇಡ. ನೀನು ಕಂಬದ ಹತ್ತಿರ ನಿಂತೆಯಲ್ಲ, ಹಾಗೆಯೇ ನಿಂತೆ. ನಿಮ್ಮನೆಯವರು ಕನ್ನಡಕ ಸರಿಮಾಡಿಕೊಂಡು ಅಂದರು, "ಅಣ್ಣ, ಅವರ ಕೈ ಬಿಡಿ."

"ಇದು ನಮ್ಮ ಮನೆ ವಿಷಯ."

"ಇರಬಹುದು. ನಾನು ನೋಡ್ತಾ ಇದೀನಿ, ಅಷ್ಟೇ. ಮೇಲಿನ ಮನೆಯವರೂ ಕಿಟಕಿಯಿಂದ ನೋಡ್ತಾ ಇದಾರೆ. ಬಿಡೋವರೆಗೂ ನಾನು ಇಲ್ಲೇ ನೋಡ್ತಾ ನಿಂತಿರ್ತೀನಿ."

ಸ್ವರ ಏರಿಸಲಿಲ್ಲ. ಹೆದರಿ ಮೆಟ್ಟಿಲ ಕಂಬಿ ಹಿಡಿದುಕೊಂಡಿದ್ದರು, ಆದರೂ ಅಲ್ಲಿಂದ ಕದಲಲಿಲ್ಲ. ಅದು ಕಂಡಾಗ ನನ್ನ ಬಾಯಿ ತೆರೆಯಿತು. "ಬಿಡಿ" ಅಂದೆ. ಹದಿನೈದು ವರ್ಷದಲ್ಲಿ ಮೊದಲ ಸಲ, ಆಗಲೂ ಬಹುವಚನವೇ! ಭಾವ ಬಿಟ್ಟರು. ನನ್ನ ಮಾತಿಗೆ ಅಲ್ಲ, ಕಿಟಕಿಗೆ ಬಿಟ್ಟರು. ಅಷ್ಟು ನನಗೂ ತಿಳಿಯುತ್ತದೆ.

ರೈಲಿನಲ್ಲಿ ನಾನು ಬಾಗಿಲ ಹತ್ತಿರದ ಸೀಟು ಹಿಡಿದೆ. ನಿಮ್ಮನೆಯವರನ್ನು ಪೂರ್ತಿ ನಂಬಿ ಹೋದೆ ಅಂತ ಬರೆದರೆ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಅವರ ಕೈಯನ್ನೇ ನೋಡುತ್ತಿದ್ದೆ. ಅವರಿಗೂ ತಿಳಿಯಿತು. ಎದುರಿನ ಸೀಟಿಗೆ ಹೋಗಿ ಕೂತರು, ಕೈಯನ್ನು ತೊಡೆಯ ಮೇಲೆ ಕಾಣುವ ಹಾಗೆ ಇಟ್ಟುಕೊಂಡರು. ಅಂಗಡಿಗೆ ಬರೆದ ಕಾಗದಕ್ಕೆ ಕ್ಷಮೆ ಕೇಳಿದೆ. "ನಿಮ್ಮ ಜಾಗದಲ್ಲಿದ್ರೆ ನಾನೂ ಬರೀತಿದ್ದೆ" ಅಂದರು. ಆಮೇಲೆ ಕಿಟಕಿ ಕಡೆ ತಿರುಗಿಕೊಂಡರು.

ಭಾವ ದಿನಾ ಫೋನ್ ಮಾಡುತ್ತಾರೆ. ಒಂದು ದಿನ ಅಳು, ಒಂದು ದಿನ ಬೆದರಿಕೆ. ಚಿಕ್ಕಪ್ಪ ಎತ್ತಿ "ರಾಂಗ್ ನಂಬರ್" ಅಂತ ಇಡುತ್ತಾರೆ. ವಕೀಲರೊಬ್ಬರನ್ನು ಕಂಡು ಬಂದೆವು. ವಾಪಸು ಹೋಗುವುದಿಲ್ಲ.

ಅಕ್ಕ


ಆಗಸ್ಟ್ ೯

ಗುಬ್ಬಿ,

ನೀನು ಪ್ರತಿ ಕಾಗದದಲ್ಲೂ "ನಮ್ಮ ತರಗತಿಗೆ ಬಾ, ಬಾ" ಅನ್ನುತ್ತೀಯ. ನಾನು ಏನೂ ಹೇಳದಿರುವುದಕ್ಕೆ ಕಾರಣ ಇದೆ. ಮೊದಲು ಇಲ್ಲಿಯೇ ಒಂದು ಕಡೆ ಹೋಗಿ ನೋಡೋಣ ಅಂತ ಯಾರಿಗೂ ಹೇಳದೆ ಹೋದೆ.

ಇಲ್ಲಿ ಗ್ರಂಥಾಲಯದ ಹಿಂದೆ ಐಕಿಡೊ ಕಲಿಸುತ್ತಾರೆ, ಆ ಸೂಪರ್‌ವೈಸರ್ ಹೆಂಗಸಿನ ತಮ್ಮ ಹೇಳಿದ ಪಂಥದ್ದು, ಪಂದ್ಯ ಇಲ್ಲದ್ದು. ಒಳ್ಳೆಯ ಜನ. ಬಿಳಿ ಬಟ್ಟೆ, ಮೆಲು ಮಾತು, ನೋಡಲು ನೃತ್ಯದ ಹಾಗೆ ಚೆಂದ. ನನ್ನ ವಯಸ್ಸಿಗೆ ಯಾರೂ ನಗಲಿಲ್ಲ. ಒಬ್ಬರು ಎತ್ತರದ ಗಂಡಸು ನನ್ನ ಕೈಯನ್ನು ಹತ್ತಿ ಹಿಡಿದ ಹಾಗೆ ಹಿಡಿದರು. ಹೇಳಿಕೊಟ್ಟ ಹಾಗೆ ನಾನು ತಿರುಗಿದೆ. ಅವರು ಗಾಳಿಯಲ್ಲಿ ಹಾರಿ ದೊಪ್ಪನೆ ಬಿದ್ದರು. ಎಲ್ಲರೂ "ಭೇಷ್" ಅಂದರು.

ನಾನು ಕೇಳಿದೆ, "ನಾನು ನಿಮ್ಮನ್ನ ಬೀಳಿಸಿದ್ನಾ?"

"ಹೌದಲ್ಲ!"

"ಇಲ್ಲ. ನನ್ನ ಕೈಯಲ್ಲಿ ಭಾರ ಬರಲೇ ಇಲ್ಲ. ನೀವೇ ಬಿದ್ರಿ."

ಅವರು ಕೆಂಪಾದರು. ಅಲ್ಲಿನ ಗುರುಗಳು ಬಂದು, ಮೊದಲು ದೇಹ ದಾರಿ ಕಲಿಯಬೇಕು, ಪರೀಕ್ಷೆ ಆಮೇಲೆ ಅಂತ ಸಮಾಧಾನವಾಗಿ ಹೇಳಿದರು. ಅದೂ ಸರಿಯೇ ಇರಬಹುದು, ನಾನು ಅವರ ವಿದ್ಯೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ಮನೆಗೆ ನಡೆದು ಬರುವಾಗ ನನಗೆ ಅಳು ಬಂತು. ನನಗೆ ಬೇಕಾದದ್ದು ಅದಲ್ಲ. ನನ್ನ ಮನಸ್ಸು ನೋಯಬಾರದು ಅಂತ ಬೀಳುವವರು ಬೇಡ. ಅವರು ಬೀಳದಿದ್ದರೆ ಬೀಳಲಿಲ್ಲ ಅಂತ ನನಗೆ ಗೊತ್ತಾಗಬೇಕು.

ಅದಕ್ಕೇ ನಿಮ್ಮ ಊರಿಗೆ ಬರೋಣ ಅಂತ. ಚಿಕ್ಕಮ್ಮನಿಗೆ ಹೇಳಿದೆ. "ಹೆಂಗಸರು ಕುಸ್ತಿ ಆಡ್ತಾರಾ?" ಅಂದಳು, ಆಮೇಲೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ನನ್ನ ಮಂಡಿಗೆ ಆಗುತ್ತಾ ಕೇಳು" ಅಂದಳು.

ಆದರೆ ಹೊರಡುವ ಮೊದಲು ಒಂದು ವಿಷಯ ನನಗೆ ಖಚಿತವಾಗಬೇಕು. ಅವತ್ತು ರೈಲು ಇಳಿಯುವ ಹೊತ್ತಿಗೆ ನಿಮ್ಮನೆಯವರು ತಾವಾಗಿ ಹೇಳಿದರು: "ಅವಳ ಪಂದ್ಯ ನೋಡಿದೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ. ಯಾರಿಗಾದ್ರೂ ನೋವಾಯ್ತು ಅಂದ್ರೆ ಅಂಗೈಯಿಂದ ಚಾಪೆನ ತಟ್ತಾರೆ. ಎದುರಿನವರು ಗೆಲ್ಲೋ ಹಂತದಲ್ಲಿ ಇದ್ರೂ ಕೂಡ್ಲೆ ಬಿಡಬೇಕು." ನಾನು ಆಗ ನಂಬಲಿಲ್ಲ. ಬಾಯಲ್ಲಿ ನಿಯಮ ಹೇಳುವುದು ಸುಲಭ.

ಬೇಕರಿಯವನು ಗಟ್ಟಿಯಾಗಿಯೇ ಹಿಡಿಯಲಿ. ನೋವಾಗಲಿ, ನೀಲಿಯಾಗಲಿ, ನನಗೆ ಹೊಸದಲ್ಲ. ನನಗೆ ಬೇಕಾದದ್ದು ಇಷ್ಟು, ನೀನು ಕಂಡದ್ದನ್ನು ಕಂಡ ಹಾಗೆ ಬರಿ, ನನ್ನನ್ನು ಕರೆಸಿಕೊಳ್ಳಬೇಕು ಅಂತ ಸಿಹಿ ಸೇರಿಸಬೇಡ: ತಟ್ಟಿದರೆ ಬಿಡುತ್ತಾನಾ? ಸಿಟ್ಟಿನಲ್ಲಿದ್ದಾಗಲೂ? ಸೋಲುತ್ತಿದ್ದಾಗಲೂ? ಯಾರೂ ನೋಡದಿದ್ದಾಗಲೂ?

ಅಕ್ಕ


ಆಗಸ್ಟ್ ೧೩

ಅಕ್ಕ,

ಕೇಳಿದ್ದಕ್ಕೆ ಕಂಡದ್ದನ್ನೇ ಬರೆಯುತ್ತೇನೆ. ಮೊನ್ನೆ ನಿನ್ನ ಕಾಗದ ಓದಿ ತರಗತಿಗೆ ಬೇಗ ಹೋದೆ. ಹಾಲಿನಲ್ಲಿ ಬೇಕರಿಯವನು, ನಾನು, ಇಬ್ಬರೇ. ಅವನಿಗೆ ಏನೂ ಹೇಳಲಿಲ್ಲ. ಐದು ಸಲ ಅವನಿಗೆ ಚಾಕು ತಾಗಿಸಿ ರೇಗಿಸಿದೆ, ಮುಖ ಕೆಂಪಾಗುವವರೆಗೆ. ಆರನೇ ಸಲ ಅವನು ನನ್ನ ಮೊಣಕೈ ಸಿಕ್ಕಿಸಿ ನೆಲಕ್ಕೆ ಒತ್ತಿದ, ಮೊದಲ ಬಾರಿ ಅವನು ಗೆಲ್ಲುವುದರಲ್ಲಿದ್ದ.

ತಟ್ಟಿದೆ. ಬಿಟ್ಟ.

ನೋವಾಗದೆಯೇ ತಟ್ಟಿದ್ದು ಅಂತ ಅವನಿಗೆ ಆಮೇಲೆ ಗೊತ್ತಾಯಿತು, ಬೈದ. ಬೈಯುವಾಗ ಎರಡು ಹೆಜ್ಜೆ ದೂರ ನಿಂತಿದ್ದ.

ನನ್ನ ಮಾತನ್ನೂ ನಂಬಬೇಡ. ಬಂದು ನೀನೇ ತಟ್ಟಿ ನೋಡು.

ಗುಬ್ಬಿ